ಸಮುದ್ರ ನೋಡಿ ಆಯ್ತು, ಮುಂದೇನ್ರಿ?

ದೀಪಾವಳಿ ರಜೆ ಹತ್ತಿರ ಬಂತೆಂದರೆ ನನಗೆ ಫೋನುಗಳು ಜಾಸ್ತಿಯಾಗುತ್ತವೆ. ಗದಗಿನ ಪರಿಚಯದವರು, ಆಫೀಸಿನವರು, ಹೆಂಡತಿಯ ತವರಿನವರು. ಎಲ್ಲರದೂ ಒಂದೇ ಮಾತು. "ನೀವು ಆ ಕಡೆ ಭಾಳ ಅಡ್ಡಾಡ್ತೀರಲ್ರಿ, ಎರಡು ದಿನದಾಗ ಏನೇನು ನೋಡಬಹುದು ಹೇಳ್ರಿ." ನಿಜ ಹೇಳಬೇಕೆಂದರೆ ಅವರಿಗೆ ನನ್ನ ಸಲಹೆ ಬೇಕಿರುವುದಿಲ್ಲ. ಪಟ್ಟಿ ಆಗಲೇ ತಯಾರಾಗಿರುತ್ತದೆ. ಗೋಕರ್ಣ, ಓಂ ಬೀಚ್, ಮಿರ್ಜಾನ ಕೋಟೆ, ಇಡಗುಂಜಿ, ಮುರುಡೇಶ್ವರ, ಸಾಧ್ಯವಾದರೆ ಯಾಣ, ಟೈಮ್ ಸಿಕ್ಕರೆ ಕಾರವಾರ. ನಾನು ಹೂಂ ಅನ್ನಬೇಕು ಅಷ್ಟೇ. ರಾತ್ರಿ ಮುಳಗುಂದ ನಾಕಾದಿಂದ ಟೆಂಪೋ ಹೊರಡುತ್ತದೆ. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರದಲ್ಲಿ ನಡುರಾತ್ರಿ ಚಹಾ, ಅರಬೈಲ್ ಘಾಟಿಯ ತಿರುವುಗಳಲ್ಲಿ ಮಕ್ಕಳ ವಾಂತಿ, ಬೆಳಗಿನ ಜಾವಕ್ಕೆ ಗೋಕರ್ಣದ ಪಾಳಿ. ಮರುದಿನ ರಾತ್ರಿ ಮತ್ತೆ ಅದೇ ಘಾಟಿ ಹತ್ತಿ ವಾಪಸ್.

ಈ ಓಡಾಟದ ಬಗ್ಗೆ ನನಗೆ ತಕರಾರಿಲ್ಲ. ರಜೆ ಸಿಗುವುದೇ ಅಷ್ಟು, ಟೆಂಪೋ ಬಾಡಿಗೆಯೂ ಸುಮ್ನೆ ಅಲ್ಲ. ನನ್ನನ್ನು ಕಾಡುವುದು ಬೇರೆ. ನಮ್ಮ ಜನ ಸಮುದ್ರದ ಮುಂದೆ ಬಂದು ನಿಂತ ಮೇಲಿನ ಅರ್ಧ ಗಂಟೆ. ಮೊದಲು ಎಲ್ಲರೂ ಖುಷಿ. ಮಕ್ಕಳು ಓಡುತ್ತಾರೆ, ಹೆಂಗಸರು ಸೀರೆ ಎತ್ತಿ ಹಿಡಿದು ಮೊಣಕಾಲವರೆಗೆ ತೋಯಿಸಿಕೊಳ್ಳುತ್ತಾರೆ, ಫೋಟೋ ಆಗುತ್ತದೆ. ಆಮೇಲೆ ಒಂದು ಮೌನ. ಯಾರೋ ಒಬ್ಬರು ಚಪ್ಪಲಿಯ ಮರಳು ಕೊಡವುತ್ತಾ ಕೇಳುತ್ತಾರೆ: "ಸಮುದ್ರ ನೋಡಿ ಆಯ್ತು, ಮುಂದೇನ್ರಿ?"

ಕೇಳುವವರು ಪ್ರತಿ ಸಲ ಬೇರೆ. ಪ್ರಶ್ನೆ ಮಾತ್ರ ಅದೇ. ಇದರಲ್ಲಿ ತಾತ್ಸಾರ ಇಲ್ಲ, ಪ್ರಾಮಾಣಿಕವಾದ ಗೊಂದಲ ಇದೆ. ಇದೇ ಜನ ಲಕ್ಕುಂಡಿಯಲ್ಲಿ ಹೀಗೆ ಕೇಳುವುದಿಲ್ಲ. ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಮುಂದೆ ನಿಂತರೆ ಕಣ್ಣಿಗೆ ಕೆಲಸ ಗೊತ್ತು. ಒಂದು ಪಟ್ಟಿಕೆ ನೋಡಿ ಮುಂದಿನದಕ್ಕೆ ಹೋಗುತ್ತದೆ. ಮುಸುಕಿನ ಬಾವಿಗೆ ಹೋದರೆ ಮೆಟ್ಟಿಲೇ ಕೆಳಗೆ ಕರೆದುಕೊಂಡು ಹೋಗುತ್ತದೆ. ನಾವು ಕಲ್ಲು ನೋಡಿ ಬೆಳೆದವರು. ಕಲ್ಲು ಯಾವ ಹೊತ್ತಿಗೆ ಹೋದರೂ ಅಲ್ಲೇ ಇರುತ್ತದೆ. ಆ ಕಣ್ಣಿಗೆ ಸಮುದ್ರದಲ್ಲಿ ಹಿಡಿತ ಸಿಗುವುದಿಲ್ಲ. ಎಲ್ಲಿಂದ ನೋಡಲು ಶುರು ಮಾಡಬೇಕು, ಎಲ್ಲಿ ಮುಗಿಸಬೇಕು?

ಗಡಿಯಾರ ಬೇರೆ

ನನಗೆ ಇದಕ್ಕೆ ಸ್ವಲ್ಪ ಉತ್ತರ ಸಿಕ್ಕಿದ್ದು ಕುಮಟಾದಲ್ಲಿ. ಪ್ರವಾಸದ ಪಟ್ಟಿಯಲ್ಲಿ ಸಾಮಾನ್ಯವಾಗಿ ಈ ಊರು ಇರುವುದಿಲ್ಲ. ಗೋಕರ್ಣಕ್ಕೂ ಮುರುಡೇಶ್ವರಕ್ಕೂ ನಡುವೆ ಊಟಕ್ಕೆ ನಿಲ್ಲಿಸುವ ಊರು ಅದು. ಆದರೆ ಅಲ್ಲಿ ಉಳಿದುಕೊಂಡರೆ ಒಂದು ಲಾಭ ಇದೆ. ನೋಡಲೇಬೇಕು ಅನ್ನುವ ದೊಡ್ಡ ವಸ್ತು ಯಾವುದೂ ಇಲ್ಲದ್ದರಿಂದ ಊರನ್ನೇ ನೋಡಬೇಕಾಗುತ್ತದೆ.

ಕರಾವಳಿಯ ಊರು ಎರಡು ಗಡಿಯಾರಗಳಲ್ಲಿ ನಡೆಯುತ್ತದೆ. ಒಂದು ನಮ್ಮ ಕೈಯಲ್ಲಿರುವುದು. ಇನ್ನೊಂದು ನೀರಿನದು. ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಸಂಜೆ 4ಕ್ಕೆ ಪೂರ್ತಿ ಇಳಿತ ಇದ್ದರೆ ನಾಳೆ 4.50ರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ದೀಪಾವಳಿ ಅಮಾವಾಸ್ಯೆಯ ಹಬ್ಬ ಅಲ್ವಾ? ನಮ್ಮವರೆಲ್ಲ ಗುಂಪುಗುಂಪಾಗಿ ಸಮುದ್ರಕ್ಕೆ ಹೋಗುವ ದಿನಗಳಲ್ಲೇ ಸಮುದ್ರ ಅತಿ ಹೆಚ್ಚು ಕೆಲಸ ಮಾಡುತ್ತಿರುತ್ತದೆ. ಆದರೆ ಬೆಳಿಗ್ಗೆ 11ಕ್ಕೆ ಟೆಂಪೋ ಇಳಿದು 11.30ಕ್ಕೆ ಹತ್ತಿದವನಿಗೆ ಅದು ಕಾಣುವುದು ಹೇಗೆ? ಒಂದೇ ಜಾಗಕ್ಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋದರೆ ಮಾತ್ರ ಏನೋ ನಡೆದಿದೆ ಅಂತ ಗೊತ್ತಾಗುತ್ತದೆ. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಸಂಜೆ ನಾಯಿ ಓಡಾಡುತ್ತಿರುತ್ತದೆ.

ಮಧ್ಯಾಹ್ನದ್ದು ಇನ್ನೊಂದು ಪಾಠ. ಊಟದ ನಂತರ ಆ ಊರುಗಳು ಅರ್ಧ ಬಾಗಿಲು ಹಾಕುತ್ತವೆ. ಸೆಕೆ, ಬೆವರು. ನಮ್ಮ ಗದಗಿನ ಬಿಸಿಲು ಒಣ ಬಿಸಿಲು, ಕಪ್ಪತಗುಡ್ಡದ ಕಡೆಯಿಂದ ಗಾಳಿ ಇರುತ್ತದೆ, ನೆರಳಿಗೆ ಹೋದರೆ ಮುಗಿಯಿತು. ಅಲ್ಲಿ ನೆರಳಲ್ಲೂ ಅಂಗಿ ಒದ್ದೆ. ಆ ಹೊತ್ತಿಗೆ ನಮ್ಮವರು ಮಿರ್ಜಾನ ಕೋಟೆಯ ಕೆಂಪು ಚೀರೆಕಲ್ಲಿನ ಮೇಲೆ ಸುಡುತ್ತಾ ನಿಂತಿರುತ್ತಾರೆ. ಅಲ್ಲಿನವರು ಚಾಪೆ ಹಾಸಿ ಮಲಗಿರುತ್ತಾರೆ. ಯಾರು ಬುದ್ಧಿವಂತರು ಅಂತ ನೀವೇ ಹೇಳಿ.

ಚಿಕ್ಕಪ್ಪ ಮತ್ತು ಗಜನಿ

ನಮ್ಮ ಚಿಕ್ಕಪ್ಪ ನರಗುಂದದ ಹತ್ತಿರದ ಹಳ್ಳಿಯವರು. ಎರೆಹೊಲ, ಮಲಪ್ರಭಾ ಕಾಲುವೆ ನೀರು. ಒಂದು ದೀಪಾವಳಿಗೆ ಅವರೂ ನಮ್ಮ ಜೊತೆ ಕುಮಟಾಕ್ಕೆ ಬಂದಿದ್ದರು. ಜೀವನದಲ್ಲಿ ಮೊದಲ ಸಲ ಸಮುದ್ರ ನೋಡುತ್ತಿದ್ದರು. ನಾನು ದೊಡ್ಡ ನಿರೀಕ್ಷೆ ಇಟ್ಟುಕೊಂಡಿದ್ದೆ. ಅವರು ಬಾಡದ ದಂಡೆಯಲ್ಲಿ ಕೈ ಹಿಂದೆ ಕಟ್ಟಿ ನಿಂತರು. ನೀರು ಕಾಲಿಗೆ ತಾಗಿತು. ಬಗ್ಗಿ ಒಂದು ಬೊಗಸೆ ತೆಗೆದು ನಾಲಿಗೆಗೆ ಹಚ್ಚಿ ಉಗುಳಿದರು. "ಇಷ್ಟು ನೀರು ಇಟ್ಕೊಂಡು ಏನ್ ಮಾಡೂದು?" ಅಂದರು. ಆಮೇಲೆ ಮಾಮೂಲಿ ಪ್ರಶ್ನೆ. ನಾನು ಲಾಡ್ಜಿಗೆ ಹೋಗಿ ಮಲಗೋಣ ಅಂದೆ.

ಸಂಜೆ ನಾಲ್ಕರ ಹೊತ್ತಿಗೆ ಆಟೋ ಮಾಡಿಕೊಂಡು ಅಘನಾಶಿನಿ ಹೊಳೆಯ ಕಡೆ ಹೋದೆವು. ನದಿ ಸಮುದ್ರ ಸೇರುವ ಮುಂಚೆ ಅಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ. ಆ ಹಿನ್ನೀರಿನ ಅಂಚಿನ ಹಳ್ಳಿಗಳಲ್ಲಿ ತಗ್ಗು ಗದ್ದೆಗಳಿವೆ. ಗಜನಿ ಅನ್ನುತ್ತಾರೆ. ಮಾಣಿಕಟ್ಟದ ಕಡೆಯ ಒಂದು ಏರಿಯ ಮೇಲೆ ನಡೆಯುತ್ತಿದ್ದೆವು. ಒಂದು ಪಕ್ಕ ಉಪ್ಪು ನೀರು, ಇನ್ನೊಂದು ಪಕ್ಕ ಭತ್ತ. ಅರ್ಧ ಗದ್ದೆ ಕೊಯ್ಲಾಗಿತ್ತು. ಚಿಕ್ಕಪ್ಪ ನಿಂತುಬಿಟ್ಟರು. ಆ ಕಡೆಯ ನೀರಿಗೆ ಬಗ್ಗಿ ಮತ್ತೆ ನಾಲಿಗೆಗೆ ಹಚ್ಚಿ ನೋಡಿದರು. ಉಪ್ಪು. ಭತ್ತ ನೋಡಿದರು. ಮತ್ತೆ ನೀರು ನೋಡಿದರು. "ಇದು ಹೆಂಗ್ ಬೆಳೀತು?"

ಇದು ಅವರಿಗೆ ಸುಮ್ನೆ ಕುತೂಹಲದ ಪ್ರಶ್ನೆ ಆಗಿರಲಿಲ್ಲ. ನವಲಗುಂದ, ನರಗುಂದದ ಕಾಲುವೆ ಸೀಮೆಯವರಿಗೆ ಸವಳು ಅಂದರೇನು ಗೊತ್ತು. ಎರೆಮಣ್ಣಿಗೆ ವರ್ಷಗಟ್ಟಲೆ ನೀರು ಹರಿಸಿದರೆ ಕೆಳಗಿನ ನೀರು ಮೇಲೇರುತ್ತದೆ, ತನ್ನ ಜೊತೆ ಉಪ್ಪನ್ನೂ ತರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಬೆಳ್ಳಗೆ ಮೇಲೆ ಕೂರುತ್ತದೆ. ಚಿಕ್ಕಪ್ಪನ ಹೊಲದ ಒಂದು ಮೂಲೆ ಹೀಗೇ ಹೋಗಿದೆ. ಅಲ್ಲಿ ಅವರು ಏನು ಬಿತ್ತಿದರೂ ಮೊಳಕೆ ಸುಟ್ಟು ಹೋಗುತ್ತದೆ. ಉಪ್ಪಿನ ಜೊತೆ ಇಷ್ಟು ವರ್ಷ ಜಗಳವಾಡಿದ ಮನುಷ್ಯನ ಮುಂದೆ ಉಪ್ಪು ನೀರಿನ ಪಕ್ಕದಲ್ಲಿ ಭತ್ತ ಆರಾಮಾಗಿ ತಲೆದೂಗುತ್ತಾ ನಿಂತಿತ್ತು.

ಏರಿಯ ಆ ತುದಿಯಲ್ಲಿ ಒಬ್ಬ ಅಜ್ಜ ಕೂತಿದ್ದರು. ಚಿಕ್ಕಪ್ಪ ನೇರ ಅಲ್ಲಿಗೇ ಹೋದರು. ಮುಂದಿನ ಒಂದು ತಾಸು ನಮ್ಮ ಕಡೆ ತಿರುಗಿ ನೋಡಲಿಲ್ಲ. ಅದು ಕಗ್ಗ ಭತ್ತ ಅಂತ ಅಜ್ಜ ಹೇಳಿದರು. ಮಳೆಗಾಲ ಶುರುವಾದ ಮೇಲೆ ಮಳೆನೀರು ಗದ್ದೆಯ ಉಪ್ಪನ್ನು ತೊಳೆಯುತ್ತದೆ. ಆಗ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಪೈರು ಎತ್ತರ ಬೆಳೆಯುತ್ತದೆ, ನೆರೆ ಬಂದು ದಿನಗಟ್ಟಲೆ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರ, ಔಷಧಿ ಏನೂ ಇಲ್ಲ. ಕೊಯ್ಲಾದ ಮೇಲೆ ಗದ್ದೆಗೆ ಮತ್ತೆ ಉಪ್ಪು ನೀರು ಬಿಡುತ್ತಾರೆ, ಸಿಗಡಿ, ಮೀನು ಒಳಗೆ ಬರುತ್ತವೆ. ಏರಿಯಲ್ಲಿ ಹಲಗೆ ಹಾಕಿದ ಒಂದು ಬಾಗಿಲಿತ್ತು. ಜಂತ್ರಡಿ ಅಂದರು. ಇಳಿತದ ಹೊತ್ತು, ಒಳಗಿನ ನೀರು ಅದರ ಸಂದಿಯಿಂದ ಹೊಳೆಗೆ ಓಡುತ್ತಿತ್ತು. ಉಬ್ಬರ ಬಂದರೆ ಮುಚ್ಚಬೇಕು. ರಾತ್ರಿ ಎರಡಕ್ಕೆ ಬಂದರೂ ಎದ್ದು ಬರಬೇಕು.

ಚಿಕ್ಕಪ್ಪ ತಮ್ಮ ಸವಳಿನ ಕಥೆ ಹೇಳಿದರು. ಅಜ್ಜ ಪೂರ್ತಿ ಕೇಳಿ ಅಂದರು: "ನಿಮ್ಮಲ್ಲಿ ಉಪ್ಪು ಕೆಳಗಿಂದ ಬರ್ತದೆ. ನಮ್ಮಲ್ಲಿ ಸಮುದ್ರದಿಂದ ಬರ್ತದೆ. ನಮ್ಮದನ್ನ ಮಳೆ ತೊಳಿತದೆ. ನಿಮ್ಮದನ್ನ ತೊಳೆಯೋರು ಯಾರು?"

ನಾನು ಕೃಷಿ ಓದಿದವನಲ್ಲ. ಆದರೆ ನಮ್ಮ ಕಾಲುವೆ ಸೀಮೆಯ ಸವಳಿನ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾರೂ ಹೇಳಿದ್ದು ಕೇಳಿಲ್ಲ. ಚಿಕ್ಕಪ್ಪ ನದಿಗೆ ಎಲ್ಲಿ ಕಟ್ಟೆ ಕಟ್ಟಿದ್ದಾರೆ ಅಂತ ಕೇಳಿದರು. ಎಲ್ಲೂ ಇಲ್ಲ ಅಂದರು ಅಜ್ಜ. ಶಿರಸಿಯ ಕಡೆ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಅದು ಹುಟ್ಟಿದ ಹಾಗೇ ಹರಿದು ಬಂದು ಇಲ್ಲಿ ಸಮುದ್ರಕ್ಕೆ ಸಿಗುತ್ತದೆ. ನವಿಲುತೀರ್ಥದ ಅಣೆಕಟ್ಟೆಯ ನೀರು ನಂಬಿ ಬದುಕಿದ ಚಿಕ್ಕಪ್ಪನಿಗೆ ಇದನ್ನು ಒಪ್ಪಿಕೊಳ್ಳಲು ಕಷ್ಟ ಆಯಿತು. ಖಾಲಿ ಹರಿಯಬಿಟ್ಟಿದ್ದಾರಲ್ಲ ಅಂತ ದಾರಿಯುದ್ದಕ್ಕೂ ಗೊಣಗಿದರು. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಇವತ್ತಿಗೂ ಒಮ್ಮತವಿಲ್ಲ. ಖಾಲಿ ಹರಿಯುವುದರಿಂದಲೇ ಅಜ್ಜನ ಗದ್ದೆ ಇದೆ ಅನ್ನುವುದು ನನ್ನ ವಾದ.

ವಾಪಸ್ ಬರುವಾಗ ಹೊತ್ತು ಮುಳುಗುತ್ತಿತ್ತು. ಹೊಳೆ ಪೂರ್ತಿ ಇಳಿದು ನಡುವೆ ಕೆಸರಿನ ದಿಬ್ಬಗಳು ಎದ್ದಿದ್ದವು. ಸೊಂಟದವರೆಗಿನ ನೀರಲ್ಲಿ ಹೆಂಗಸರು, ಗಂಡಸರು ಬಗ್ಗಿ ಕಾಲಿನಿಂದ ತಡಕಿ ಬಳಚು ಹೆಕ್ಕುತ್ತಿದ್ದರು. ಬಳಚು ಅಂದರೆ ಚಿಪ್ಪಿನೊಳಗಿನ ಸಣ್ಣ ಜೀವಿ. ಆ ಹೊಳೆಯ ಬಳಚಿನ ಮೇಲೆ ಎಷ್ಟೋ ಮನೆಗಳು ನಡೆಯುತ್ತವೆ. ನಮ್ಮ ಗುಂಪಿನ ಮಕ್ಕಳು ದಂಡೆಯಲ್ಲಿ ಕೂತು ನೋಡಿದರು. ಅರ್ಧ ಗಂಟೆ ಮೀರಿತು, ಹೊರಡೋಣ ಅಂತ ಯಾರೂ ಅನ್ನಲಿಲ್ಲ. (ಚಿಕ್ಕಮ್ಮ ಮಾತ್ರ ಮೂಗಿಗೆ ಸೆರಗು ಹಿಡಿದಿದ್ದರು. ಶುದ್ಧ ಶಾಖಾಹಾರಿ. ಅವರ ರಜೆಯ ನೆನಪಲ್ಲಿ ಉಳಿದಿರುವುದು ಅಪ್ಪೆಹುಳಿ ಮತ್ತು ಕೋಕಂ ಶರಬತ್ತು. ಅದೂ ಸರಿಯೇ.)

ನಮ್ಮ ಹತ್ತಿ, ಅವರ ಹೆಸರು

ಅಲ್ಲಿಂದ ಬಂದ ಮೇಲೆ ನನಗೆ ಇನ್ನೊಂದು ತಿಳಿಯಿತು. ಸಮುದ್ರ ನಮಗೆ ಇಷ್ಟು ಅಪರಿಚಿತವಾದದ್ದು ಈಚೆಗೆ. ನಮ್ಮ ಎರೆಭೂಮಿಯ ಜವಾರಿ ಹತ್ತಿಗೆ ಒಂದು ಕಾಲದಲ್ಲಿ ಮುಂಬಯಿ ಪೇಟೆಯಲ್ಲಿ 'ಕುಮಟಾ' ಅಂತಲೇ ಹೆಸರು. ಧಾರವಾಡ, ಗದಗ, ಹುಬ್ಬಳ್ಳಿ ಸೀಮೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಾಟಿ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಬೆಳೆದವರು ನಾವು, ಹೆಸರು ಬಂದರಿನದು. ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಇದೇ ಹತ್ತಿ ಇತ್ತು. ಕಾರವಾರವನ್ನು ದೊಡ್ಡ ಬಂದರು ಮಾಡಿ ಧಾರವಾಡದ ಹತ್ತಿಯನ್ನು ಅಲ್ಲಿಂದ ಸಾಗಿಸಬೇಕು ಅನ್ನುವ ಲೆಕ್ಕ. ಕಾರವಾರಕ್ಕೆ ರೈಲಿನ ಮಾತು ಆಗಲೇ ಎದ್ದಿತ್ತು. ಕೊನೆಗೆ ರೈಲು ಹೋದದ್ದು ಗೋವಾದ ಮರ್ಮಗೋವಾಕ್ಕೆ. ಹತ್ತಿ ರೈಲು ಹತ್ತಿತು, ಕುಮಟಾದ ಬಂದರು ಮಲಗಿತು. ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿರುವ ಹುಬ್ಬಳ್ಳಿ–ಅಂಕೋಲಾ ರೈಲು ಯೋಜನೆಯ ಕಥೆ ನಿಮಗೆ ಗೊತ್ತೇ ಇದೆ. ಕಾಡಿನ ಪ್ರಶ್ನೆ ಇದೆ, ಅದು ಸಣ್ಣ ಪ್ರಶ್ನೆಯಲ್ಲ. ರೈಲು ಬೇಕು ಅಂತಲೂ ಅನ್ನಿಸುತ್ತದೆ, ಅರಬೈಲಿನ ಆ ಮರಗಳ ನಡುವೆ ಬಸ್ಸಿನಲ್ಲಿ ಬರುವಾಗ ಬೇಡ ಅಂತಲೂ ಅನ್ನಿಸುತ್ತದೆ.

ಹತ್ತಿ ಹೋಯಿತು, ಮೆಣಸಿನಕಾಯಿ ಉಳಿಯಿತು. ಅಂಕೋಲಾದ ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ಮಾರುವ ಹೆಂಗಸೊಬ್ಬರು ನನ್ನ ಮಾತು ಕೇಳಿ ಯಾವ ಊರು ಅಂದರು. ಗದಗ ಅಂದೆ. ಬ್ಯಾಡಗಿ ಹತ್ತಿರವಾ ಅಂದರು. ಅಷ್ಟೇನೂ ದೂರ ಇಲ್ಲ ಅಂದೆ. ಈ ವರ್ಷ ಮೆಣಸಿನಕಾಯಿ ರೇಟು ಯಾಕೆ ಹಾಗೆ ಅಂತ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯ ಮಾತು ಅಲ್ಲಿ ಮೀನಿನ ಬುಟ್ಟಿಯ ಮುಂದೆ ನಡೆಯುತ್ತಿತ್ತು. ಆ ಮೀನು ಸಾರಿನ ಕೆಂಪು ಬ್ಯಾಡಗಿಯದು. ಬಣ್ಣ ಜಾಸ್ತಿ, ಖಾರ ಕಡಿಮೆ. ನಮ್ಮ ಜನ ಅದನ್ನು ಹೋಟೆಲಿನಲ್ಲಿ ಉಂಡು "ಇಲ್ಲಿ ಮಸಾಲಿ ಏನೋ ಬ್ಯಾರೆನ ಐತಿ" ಅನ್ನುತ್ತಾರೆ. ಮಸಾಲೆ ನಮ್ಮದೇ. ತೆಂಗಿನಕಾಯಿ ಅವರದು.

ಪಟ್ಟಿಗೆ ಸೇರದ ಒಂದು ಸಂಬಂಧ ಇನ್ನೂ ಇದೆ. 2024ರ ಜನವರಿ ಕೊನೆಗೆ ಅಘನಾಶಿನಿಯ ಅಳಿವೆಯನ್ನು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅಂತ ಘೋಷಿಸಿದರು. ಅದರ ಜೊತೆಗೇ ರಾಮ್ಸಾರ್ ಪಟ್ಟಿ ಸೇರಿದ್ದು ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುವ ಕೆರೆ. ಮಾಗಡಿಗೆ ಬೆಳಿಗ್ಗೆ ಬೇಗ ಹೋಗಬೇಕು, ಹಕ್ಕಿಗಳು ಹೊಲಕ್ಕೆ ಮೇಯಲು ಹೋದ ಮೇಲೆ ಬರೀ ನೀರು ಕಾಣುತ್ತದೆ ಅಂತ ನಾವು ಹೊರಗಿನವರಿಗೆ ಹೇಳುತ್ತೇವೆ ಅಲ್ವಾ? ಹೊತ್ತು ನೋಡಿ ಹೋಗುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಸಮುದ್ರಕ್ಕೆ ಹೋಗುವಾಗ ಮರೆತುಬಿಡುತ್ತೇವೆ.

ನೀರಿಗೆ ಇಳಿಯುವ ಮುಂಚೆ

ಈ ಮರೆವು ಬರೀ ಬೇಸರ ತಂದರೆ ಪರವಾಗಿಲ್ಲ. ಒಮ್ಮೊಮ್ಮೆ ಜೀವ ತೆಗೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ 4 ಬಾಲಕಿಯರು ನೀರುಪಾಲಾದರು. ಕೋಲಾರ ಜಿಲ್ಲೆಯ ಮಕ್ಕಳು. ಬಯಲು ಸೀಮೆಯವರು, ನಮ್ಮ ಹಾಗೆ. ನಾವು ಕೆರೆ, ಬಾವಿ, ಕಾಲುವೆ ಕಂಡವರು. ಕೆರೆಯಲ್ಲಿ ಈಜು ಬರುತ್ತದೆ ಅನ್ನುವ ಧೈರ್ಯ ಸಮುದ್ರದಲ್ಲಿ ನಡೆಯುವುದಿಲ್ಲ. ದಡಕ್ಕೆ ಬಂದ ಅಲೆಯ ನೀರು ಎಲ್ಲೋ ಒಂದು ಕಡೆ ಕೂಡಿಕೊಂಡು ವಾಪಸ್ ಹೋಗುತ್ತದೆ. ಆ ಜಾಗದಲ್ಲಿ ಅಲೆ ಕಡಿಮೆ ಕಾಣುತ್ತದೆ, ನೀರು ಶಾಂತ ಅನ್ನಿಸುತ್ತದೆ. ನಮ್ಮವರು ಹುಡುಕಿ ಅಲ್ಲೇ ಇಳಿಯುತ್ತಾರೆ! ಸೆಳೆತಕ್ಕೆ ಸಿಕ್ಕವರು ನೇರ ದಡಕ್ಕೆ ಈಜಲು ಹೋಗಿ ಸುಸ್ತಾಗುತ್ತಾರೆ. ದಡದ ಉದ್ದಕ್ಕೆ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬರಬೇಕು, ಆಮೇಲೆ ದಡ. ಜೀವರಕ್ಷಕರು ಸೀಟಿ ಊದಿದರೆ ಅವರ ಜೊತೆ ವಾದ ಮಾಡಬೇಡಿ. ಕೆಂಪು ಬಾವುಟದ ಹತ್ತಿರ ನಿಂತು ಸೆಲ್ಫಿ ತೆಗೆಯುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಹಾಗಾದ್ರೆ ಏನು ನೋಡೋದು?

ಈಗ ಯಾರಾದರೂ ಫೋನ್ ಮಾಡಿದರೆ ಮೊದಲು ತಿಂಗಳು ಕೇಳುತ್ತೇನೆ. ಅಕ್ಟೋಬರ್, ನವೆಂಬರ್ ಅಂದರೆ ಕುಮಟಾ, ಗಜನಿ, ತದಡಿಯಿಂದ ಅಘನಾಶಿನಿ ಹಳ್ಳಿಗೆ ದೋಣಿ ಪ್ರಯಾಣ. ಆ ದೋಣಿಯಲ್ಲಿ ಶಾಲೆ ಮಕ್ಕಳು, ಬೈಕುಗಳು, ಮೀನಿನ ಬುಟ್ಟಿ ಎಲ್ಲ ಒಟ್ಟಿಗೆ ಇರುತ್ತವೆ. ದುಡ್ಡು ಕೊಟ್ಟು ಹೋಗುವ ಯಾವ ಬೋಟಿಂಗಿಗಿಂತ ನನಗೆ ಅದೇ ಇಷ್ಟ. ಫೆಬ್ರವರಿ ದಾಟಿದರೆ ಸಾಣಿಕಟ್ಟಾದ ಉಪ್ಪಿನ ಆಗರ. ಗೋಕರ್ಣಕ್ಕೆ ಹೋಗುವ ದಾರಿಯಲ್ಲೇ ಇದೆ, ಟೆಂಪೋದ ಕಿಟಕಿಯಿಂದ ಬೆಳ್ಳಗೆ ಕಂಡಿರುತ್ತದೆ, ಯಾರೂ ಇಳಿಯುವುದಿಲ್ಲ. ಬೆಳಿಗ್ಗೆ ಹೊತ್ತು ಹೋದರೆ ಹಲಗೆಯಿಂದ ಉಪ್ಪು ಎಳೆದು ಗುಡ್ಡೆ ಹಾಕುವುದು ಕಾಣುತ್ತದೆ. ಚಿಕ್ಕಪ್ಪ ಅದಕ್ಕಾಗಿ ಮತ್ತೆ ಬರುತ್ತೇನೆ ಅಂದಿದ್ದಾರೆ. ಉಪ್ಪು ಬೇಕು ಅಂತಲೇ ನೀರು ಒಣಗಿಸುವವರನ್ನು ಅವರು ನೋಡಬೇಕಂತೆ.

ಮಕ್ಕಳಿದ್ದರೆ ಕಾರವಾರ. ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಅನ್ನುವ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಒಳಗೆ ಎಷ್ಟು ಇಕ್ಕಟ್ಟು ಅಂದರೆ ದೊಡ್ಡವರಿಗೆ ಹಣೆ ಬಡಿಯುತ್ತದೆ, ಮಕ್ಕಳಿಗೆ ಸ್ವರ್ಗ. ಟಾಗೋರರ ಅಣ್ಣ ಸತ್ಯೇಂದ್ರನಾಥ ಅಲ್ಲಿ ನ್ಯಾಯಾಧೀಶರಾಗಿದ್ದರು, ತಮ್ಮ ಬಂದು ಉಳಿದಿದ್ದು ಆಗ. ತರುಣ ಕವಿ ಅಲ್ಲಿ ಪಾಯಿಂಟ್ ನೋಡಲು ಓಡಾಡಲಿಲ್ಲ, ಉಳಿದುಕೊಂಡು ಒಂದು ನಾಟಕ ಬರೆದರು.

ಮುರುಡೇಶ್ವರ? ಹೋಗಿ, ಬೇಡ ಅನ್ನುವುದಿಲ್ಲ. 123 ಅಡಿಯ ಶಿವ, 20 ಅಂತಸ್ತಿನ ಗೋಪುರ. ಲಿಫ್ಟಿನಲ್ಲಿ ಮೇಲೆ ಹೋದರೆ ಸಮುದ್ರ ಚೆನ್ನಾಗಿ ಕಾಣುತ್ತದೆ. ನನಗೆ ಆ ಜನಜಂಗುಳಿ ಆಗುವುದಿಲ್ಲ, ಅಷ್ಟೇ. ನನ್ನ ಹೆಂಡತಿಗೆ ಬಹಳ ಇಷ್ಟ.

ಜೂನ್, ಜುಲೈ ಅಂದರೆ ಬೇಡ ಅನ್ನುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಬಂದರು ಖಾಲಿ, ಸಮುದ್ರ ಒರಟು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದು ನೆನಪಿದ್ದರೆ ಸಾಕು.

ಮೇ ತಿಂಗಳಲ್ಲಿ ಹೋಗುವವರು ಸೆಕೆಗೆ ಹೆದರಿ ಬಿಡುವುದಕ್ಕೂ ಮುಂಚೆ ಒಂದು ಯೋಚನೆ ಮಾಡಿ. ಅಂಕೋಲಾದ ಕರಿ ಇಶಾಡ ಮಾವು ಹಣ್ಣಾಗುವುದು ಆಗ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಸಿಪ್ಪೆ ತೆಳು, ಬೇಗ ಕೆಡುತ್ತದೆ, ಹಾಗಾಗಿ ಘಾಟಿ ಹತ್ತಿ ಗದಗಿನ ಪೇಟೆಗೆ ಬರುವುದು ಕಡಿಮೆ. ಅಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರು ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬೆಳಿಗ್ಗೆಯೇ ಹೋಗಿ. ಚೌಕಾಸಿ ಜಾಸ್ತಿ ಮಾಡಬೇಡಿ, ಅವರು ಬುಟ್ಟಿ ಮುಚ್ಚಿಬಿಡುತ್ತಾರೆ.